ಸಹಾಯ ಬೇಕು: ಫ್ರೆಂಚ್ ಊರಿನ ಹೆಸರಲ್ಲಿ ಬರೋ ‘ಲೆ’ ಕನ್ನಡದಲ್ಲಿ ಹೇಗೆ ಬರೆಯೋದು?

ಫ್ರೆಂಚ್ ಬಲ್ಲವರು ಸ್ವಲ್ಪ ನೋಡಿ. ಓತ್-ಮಾರ್ನ್ ಜಿಲ್ಲೆಯ ಸಣ್ಣ ಹಳ್ಳಿ ಕೊಲೊಂಬೆ-ಲೆ-ದ್ಯೋಝ್-ಎಗ್ಲೀಝ್ ಬಗ್ಗೆ ಕನ್ನಡ ಲೇಖನ ಬರೀತಿದ್ದೀನಿ. ಫ್ರಾನ್ಸಿನ ಅಧ್ಯಕ್ಷರಾಗಿದ್ದ ಚಾರ್ಲ್ಸ್ ದ ಗಾಲ್ 1934ರಲ್ಲಿ ಮನೆ ಕೊಂಡು, 1970ರಲ್ಲಿ ತೀರಿಕೊಂಡ ಊರು. ಹೆಸರಿನ ವಿವರಣೆ ಹತ್ರಾನೇ ಸಿಕ್ಕಿಹಾಕಿಕೊಂಡಿದ್ದೀನಿ.

‘ಕೊಲೊಂಬೆ’ಯ ಮೂಲ ಪಾರಿವಾಳದ ಲ್ಯಾಟಿನ್ ಪದ ‘ಕೊಲುಂಬಾ’. ‘ದ್ಯೋ’ ಅಂದ್ರೆ ಎರಡು, ‘ಎಗ್ಲೀಝ್’ ಚರ್ಚು. ನಡುವಿನ ‘ಝ್’ ಸ್ವರದ ಮುಂದೆ ಮಾತ್ರ ಕೇಳಿಸೋದು. ಇಷ್ಟು ಸಲೀಸು.

ತೊಡಕು ‘ಲೆ’ಯದು. ಇಲ್ಲಿ (les) ರೋಮನ್ ‘e’ ಅಕ್ಷರದ ಮೇಲೆ ಓರೆಗೆರೆ ಇಲ್ಲ, ಅದು ಇಂಗ್ಲಿಷಿನ ‘the’ ಥರದ ಪದ, ಹಾಗಾಗಿ ‘ಆ ಎರಡು ಚರ್ಚುಗಳ ಕೊಲೊಂಬೆ’. ಆದ್ರೆ ವಿಲೆರ್-ಲೆ-ನಾನ್ಸಿಯಲ್ಲಿ ಗೆರೆ ಇದೆ (lès): ಲ್ಯಾಟಿನ್ನಿನ ‘ಲಾಟುಸ್’ (ಪಕ್ಕ) ಇಂದ ಬಂದದ್ದು, ಅರ್ಥ ‘ನಾನ್ಸಿ ಪಕ್ಕದ’. ಲಿಸ್-ಲೆ-ಲಾನ್ವಾದಲ್ಲಿ ಅದೇ ಪದ ಕೊನೆಗೆ ‘ಝಡ್’ ಹಾಕಿಕೊಂಡಿದೆ (lez). ಕನ್ನಡಕ್ಕೆ ಬಂದ್ರೆ ಮೂರೂ ‘ಲೆ’! ಎರಡನೇದನ್ನು ‘ಲೇ’ ಅಂತ ಎಳೆದು ನೋಡಿದೆ, ಯಾರನ್ನೋ ಗದರಿಸಿದ ಹಾಗಿದೆ.

ಎಲ್ಲ ಕಡೆ ‘ಲೆ’ ಅಂತಲೇ ಇಟ್ಟು ಅರ್ಥವನ್ನ ಅಡಿಟಿಪ್ಪಣಿಗೆ ಹಾಕೋದಾ, ಇಲ್ಲಾ ‘ಪಕ್ಕದ’ ಅರ್ಥದ ‘ಲೆ’ಗೆ ಬೇರೆ ಬರಹರೂಪ ಏನಾದ್ರೂ ರೂಢಿಯಲ್ಲಿದೆಯಾ?