ಹಳೇ ಗೇಮ್ ಅಂಗಡಿಯಲ್ಲಿ ಕಾರ್ಟ್ರಿಡ್ಜ್ ಕೊಳ್ಳುವಾಗ ಏನೇನು ಕೇಳಬಹುದು?

ಚಿಕ್ಕಪರದೆ ಕೇಳಿದ್ದು:

ಹಳೇ ವಿಡಿಯೊ ಗೇಮ್ ಮಾರುವ ಅಂಗಡಿಯೊಂದರಲ್ಲಿ ಪೋಕೆಮಾನ್ ಗೋಲ್ಡ್ ಆಟದ ಕಾರ್ಟ್ರಿಡ್ಜ್ (ಆಟ ತುಂಬಿರುವ ಪ್ಲಾಸ್ಟಿಕ್ ಡಬ್ಬಿ) ತಗೊಂಡೆ. ಅದನ್ನು ಹಾಕಿ ಆಡುವ ಕನ್ಸೋಲ್, ಗೇಮ್ ಬಾಯ್ ಕಲರ್, ಮೊದಲಿಂದಲೂ ನನ್ನ ಹತ್ತಿರ ಇದೆ. ಅಂಗಡಿಯವರು ನನ್ನ ಎದುರಿಗೇ ಹಾಕಿ ತೋರಿಸಿದರು. ಲೋಗೋ ಬಂತು, ಮ್ಯೂಸಿಕ್ ಬಂತು, ಹೊಸ ಆಟ ಶುರುವಾಯಿತು. ದುಡ್ಡು ಕೊಟ್ಟು ಬಂದೆ.

ಸಂಜೆ ಪೂರ್ತಿ ಆಡಿದೆ. ಸಿಂಡಾಕ್ವಿಲ್ ಅನ್ನುವ ಪೋಕೆಮಾನ್ ಆರಿಸಿಕೊಂಡೆ, ಮೊದಲನೇ ಜಿಮ್ ಗೆದ್ದೆ, ಸೇವ್ ಮಾಡಿ ಮಲಗಿದೆ. ಬೆಳಗ್ಗೆ ಎದ್ದು ಆನ್ ಮಾಡಿದರೆ 'ಕಂಟಿನ್ಯೂ' ಅನ್ನುವ ಸಾಲೇ ಇಲ್ಲ. ಬರೀ 'ನ್ಯೂ ಗೇಮ್', 'ಆಪ್ಷನ್' ಅಷ್ಟೇ.

ವಾಪಸ್ ತಗೊಂಡು ಹೋದೆ. ಕೌಂಟರ್‌ನಲ್ಲಿದ್ದ ಹುಡುಗ ಕಾರ್ಟ್ರಿಡ್ಜನ್ನು ಮತ್ತೆ ಹಾಕಿದ, ಟೈಟಲ್ ಸ್ಕ್ರೀನ್ ತೋರಿಸಿದ. "ಗೇಮ್ ಓಡ್ತಾ ಇದೆ ಅಲ್ವಾ ಮೇಡಂ? ಸೇವ್‌ಗೆಲ್ಲಾ ನಾವು ಗ್ಯಾರಂಟಿ ಕೊಡಲ್ಲ" ಅಂದ. ದುಡ್ಡೂ ಇಲ್ಲ, ಬದಲಿಯೂ ಇಲ್ಲ. ಹತ್ತಾರು ಗಂಟೆ ಆಡಬೇಕಾದ ಆಟ ಅದು. ಸೇವ್ ಆಗದಿದ್ದರೆ ಅದು ಓಡಿ ಏನು ಪ್ರಯೋಜನ? ದುಡ್ಡಿಗಿಂತ ಜಾಸ್ತಿ ಬೇಜಾರಾಗಿದ್ದು ಆ ಮಾತಿಗೆ.

ಇಂಥ ಅಂಗಡಿಗಳಿಗೆ ಹೋಗುವುದು ನನಗೆ ತುಂಬಾ ಇಷ್ಟ. ಅದನ್ನು ಬಿಡುವ ಮನಸ್ಸಿಲ್ಲ. ಅದಕ್ಕೇ ಕೇಳುತ್ತಿದ್ದೇನೆ. ನೀವೆಲ್ಲಾ ಕೊಳ್ಳುವ ಮುಂಚೆ ಅಂಗಡಿಯಲ್ಲಿ ಏನೇನು ನೋಡುತ್ತೀರಿ? ಕಾರ್ಟ್ರಿಡ್ಜ್ ಬಿಚ್ಚಿ ತೋರಿಸಿ ಅಂತ ಕೇಳಿದರೆ ತಪ್ಪು ತಿಳಿದುಕೊಳ್ಳುತ್ತಾರಾ? ಒಳ್ಳೇ ಅಂಗಡಿ ಅಂತ ನಿಮಗೆ ಅನಿಸಿದ್ದು ಯಾವಾಗ?

ಬೆಸುಗೆಕಡ್ಡಿ ಉತ್ತರಿಸಿದ್ದು:

ಮೊದಲು ಸಮಾಧಾನ ಮಾಡಿಕೊಳ್ಳಿ. ನಿಮ್ಮ ಗೇಮ್ ಕೆಟ್ಟಿಲ್ಲ, ಒಳಗಿನ ಬ್ಯಾಟರಿ ಮುಗಿದಿರಬೇಕು. ಅದನ್ನು ಬದಲಾಯಿಸಬಹುದು.

ಆ ಕಾಲದ ಕಾರ್ಟ್ರಿಡ್ಜ್‌ಗಳಲ್ಲಿ ಆಟ ಇರುವ ಚಿಪ್ ಬೇರೆ, ಸೇವ್ ಕೂರುವ ಚಿಪ್ ಬೇರೆ. ಆಟದ ಚಿಪ್‌ಗೆ ಬ್ಯಾಟರಿ ಬೇಡ, ಹಾಗಾಗಿ ಅದು ಇವತ್ತಿಗೂ ಓಡುತ್ತದೆ. ಸೇವ್ ಚಿಪ್‌ಗೆ ಮಾತ್ರ ಸದಾ ಕರೆಂಟ್ ಬೇಕು. ಕನ್ಸೋಲ್ ಆಫ್ ಆದಮೇಲೆ ಅದನ್ನು ಕೊಡುವುದು ಒಳಗಿರುವ ಒಂದು ಬಿಲ್ಲೆ ಬ್ಯಾಟರಿ. ಗೋಲ್ಡ್ ಮತ್ತು ಅದರ ಜೋಡಿ ಆಟ ಸಿಲ್ವರ್ ಜಪಾನಿನಲ್ಲಿ ಬಂದಿದ್ದು 1999ರಲ್ಲಿ, ಅಮೆರಿಕದಲ್ಲಿ 2000ದಲ್ಲಿ. ಅವುಗಳಲ್ಲಿ ಹಗಲು ರಾತ್ರಿ ನಿಜವಾದ ಗಡಿಯಾರದ ಪ್ರಕಾರ ಬದಲಾಗುತ್ತದೆ ಅಲ್ವಾ? ಆ ಗಡಿಯಾರವೂ ಅದೇ ಬ್ಯಾಟರಿಯನ್ನು ತಿನ್ನುತ್ತದೆ. ನೀವು ವರ್ಷಗಟ್ಟಲೆ ಆಡದೇ ಇಟ್ಟರೂ ಅದು ನಡೆಯುತ್ತಲೇ ಇರುತ್ತದೆ. ಅದಕ್ಕೇ ಗಡಿಯಾರ ಇಲ್ಲದ ಪೋಕೆಮಾನ್ ರೆಡ್, ಬ್ಲೂ ಇನ್ನೂ ಸೇವ್ ಹಿಡಿದುಕೊಂಡಿದ್ದರೂ ಅವುಗಳಿಗಿಂತ ಹೊಸದಾದ ಗೋಲ್ಡ್ ಕೈ ಕೊಡುತ್ತದೆ. ಇದು ಹಳೇ ಗೇಮ್ ಮಾರುವವರಿಗೆಲ್ಲ ಗೊತ್ತಿರುವ ವಿಷಯ. ನಿಮಗೆ ಮುಂಚೆಯೇ ಹೇಳಬೇಕಿತ್ತು.

ಅಂಗಡಿಯಲ್ಲಿ ಹೀಗೆ ಮಾಡಿ. ಹೊಸ ಆಟ ಶುರು ಮಾಡಿ, ಒಂದೆರಡು ಹೆಜ್ಜೆ ನಡೆದು ಸೇವ್ ಮಾಡಿ. ಆಫ್ ಮಾಡಿ. ಕಾರ್ಟ್ರಿಡ್ಜನ್ನು ಹೊರಗೆ ತೆಗೆದು ಕೌಂಟರ್ ಮೇಲೆ ಇಡಿ. ಬೇರೆ ಗೇಮ್ ನೋಡುತ್ತಾ ಸ್ವಲ್ಪ ಹೊತ್ತು ಕಳೆಯಿರಿ. ಆಮೇಲೆ ಹಾಕಿ ನೋಡಿ. 'ಕಂಟಿನ್ಯೂ' ಬಂದರೆ ಬ್ಯಾಟರಿ ಇವತ್ತಿಗಂತೂ ಇದೆ.

ಬಿಚ್ಚಿ ತೋರಿಸಿ ಅಂತ ಕೇಳುವುದರಲ್ಲಿ ಏನೂ ತಪ್ಪಿಲ್ಲ. ಗೇಮ್ ಬಾಯ್ ಕಾರ್ಟ್ರಿಡ್ಜ್‌ನ ಹಿಂದೆ ಒಂದೇ ಒಂದು ಸ್ಕ್ರೂ ಇರುತ್ತದೆ. ಅದಕ್ಕೆ 3.8 ಮಿಲಿಮೀಟರಿನ ಗೇಮ್‌ಬಿಟ್ ಅನ್ನುವ ವಿಶೇಷ ಸ್ಕ್ರೂಡ್ರೈವರ್ ಬೇಕು. ಹಳೇ ಗೇಮ್ ಅಂಗಡಿ ನಡೆಸುವವರ ಡ್ರಾಯರಿನಲ್ಲಿ ಅದು ಇರಲೇಬೇಕು. ಲೇಬಲ್ ಮುಂದುಗಡೆ ಇರುವುದರಿಂದ ಹಾಳಾಗುವ ಭಯವೂ ಇಲ್ಲ. ಒಳಗೆ ಬೋರ್ಡಿನ ಮೇಲೆ 'ನಿಂಟೆಂಡೊ' ಅಂತ ಬರೆದಿದೆಯಾ, ಬ್ಯಾಟರಿ ಇದೆಯಾ, ಗಡಿಯಾರ ನಡೆಸುವ ಕ್ರಿಸ್ಟಲ್ ಅನ್ನುವ ಪುಟ್ಟ ಭಾಗ ಇದೆಯಾ ನೋಡಿ. ಗೋಲ್ಡ್ ಅಂತ ಕೊಟ್ಟಿದ್ದರ ಒಳಗೆ ಚಿಪ್ ಇರಬೇಕಾದ ಕಡೆ ಕಪ್ಪು ಅಂಟಿನ ಗುಡ್ಡೆ ಇದ್ದರೆ ಅದು ನಕಲಿ. ಲೇಬಲ್ ಮೇಲೆ ಓರೆಯಾಗಿ ಬೆಳಕು ಬೀಳಿಸಿದರೆ ಅಸಲಿಯಲ್ಲಿ ಎರಡು ಅಂಕಿ ಒತ್ತಿದ ಗುರುತು ಕಾಣುತ್ತದೆ. ತುಂಬಾ ತೆಳುವಾಗಿರುತ್ತದೆ, ಗಮನವಿಟ್ಟು ನೋಡಿ.

ಬ್ಯಾಟರಿ ಹೊಸದು ಅಂತ ಹೇಳಿದರೆ ಒಂದು ಪ್ರಶ್ನೆ ಕೇಳಿ: ಬೆಸುಗೆ ಹಾಕಿದ್ದೀರಾ, ಟೇಪ್ ಸುತ್ತಿದ್ದೀರಾ? ಟೇಪ್ ಸುತ್ತಿದ್ದು ಒಂದು ಸಲ ಕೈತಪ್ಪಿ ಬಿದ್ದರೂ ಸಾಕು, ಬ್ಯಾಟರಿ ಅಲುಗಾಡಿ ಸೇವ್ ಹೋಗುತ್ತದೆ. ಬೇಕಾಗಿದ್ದು ಲೋಹದ ಪಟ್ಟಿ ಮೊದಲೇ ಕೂರಿಸಿದ ಸಿಆರ್2025 ಬಿಲ್ಲೆ ಬ್ಯಾಟರಿ. ಬರೀ ಬಿಲ್ಲೆಗೆ ನೇರವಾಗಿ ಕಾಯಿಸಿ ಬೆಸುಗೆ ಹಾಕಬಾರದು, ಅದು ಅಪಾಯ.

ಮೂರನೇಡಿಸ್ಕ್ ಉತ್ತರಿಸಿದ್ದು:

ನಾನು ಡಿಸ್ಕ್ ಕಡೆಯವನು. ನನ್ನ ಅನುಭವ ಒಳ್ಳೇದೇ. ಪ್ಲೇಸ್ಟೇಷನ್‌ಗೆ 1997ರಲ್ಲಿ ಬಂದ ಫೈನಲ್ ಫ್ಯಾಂಟಸಿ 7 ತಗೊಂಡಿದ್ದೆ. ಮೂರು ಡಿಸ್ಕಿನ ಆಟ. ಅಂಗಡಿಯಲ್ಲಿ ಮೊದಲನೇ ಡಿಸ್ಕ್ ಓಡಿಸಿ ಕೊಟ್ಟಿದ್ದರು. ತಿಂಗಳುಗಟ್ಟಲೆ ನಿಧಾನವಾಗಿ ಆಡಿ ಮೂರನೇ ಡಿಸ್ಕಿಗೆ ಬಂದಾಗ ಅದು ಓದಲೇ ಇಲ್ಲ. ಇಷ್ಟು ದಿನ ಆದಮೇಲೆ ಯಾರು ಕೇಳುತ್ತಾರೆ ಅಂದುಕೊಂಡೇ ಹೋದೆ. ಅಂಗಡಿಯವರು ಡಿಸ್ಕನ್ನು ಟ್ಯೂಬ್‌ಲೈಟಿಗೆ ಹಿಡಿದು ತೋರಿಸಿದರು. ಲೇಬಲ್ಲಿನ ಒಂದು ಗೀರಿನ ಉದ್ದಕ್ಕೂ ಬೆಳಕು ಸೂಜಿ ಚುಚ್ಚಿದ ಹಾಗೆ ತೂರಿ ಬರುತ್ತಿತ್ತು. ಒಂದು ಮಾತೂ ಆಡದೆ ಇನ್ನೊಂದು ಸೆಟ್ಟಿನಿಂದ ಮೂರನೇ ಡಿಸ್ಕ್ ತೆಗೆದು ಕೊಟ್ಟರು.

ಅವತ್ತು ಅವರು ಹೇಳಿದ ಒಂದು ವಿಷಯ ಎಲ್ಲರಿಗೂ ಉಪಯೋಗ. ಸಿಡಿಯಲ್ಲಿ ಡೇಟಾ ಇರುವ ಪದರ ಲೇಬಲ್ಲಿನ ಕೆಳಗೇ ಇರುತ್ತದೆ. ಹೊಳೆಯುವ ಕಡೆ ಬಿದ್ದ ಗೀರನ್ನು ಎಷ್ಟೋ ಸಲ ಪಾಲಿಶ್ ಮಾಡಿ ಸರಿ ಮಾಡಬಹುದು. ಲೇಬಲ್ ಕಡೆ ಆಳವಾಗಿ ಗೀರಿದರೆ ಡೇಟಾನೇ ಹೋಯಿತು, ಯಾವ ಪಾಲಿಶ್‌ಗೂ ಬರುವುದಿಲ್ಲ. ನಾವೆಲ್ಲಾ ಹೊಳೆಯುವ ಕಡೆಯನ್ನೇ ತಿರುಗಿಸಿ ತಿರುಗಿಸಿ ನೋಡುತ್ತೇವೆ. ಎರಡೂ ಕಡೆ ನೋಡಿ. ಎಷ್ಟು ಡಿಸ್ಕ್ ಇದೆಯೋ ಅಷ್ಟೂ ಬೆಳಕಿಗೆ ಹಿಡಿಯಿರಿ.

ಎಮ್ಯುಲೇಟರ್ಸಾಕು ಉತ್ತರಿಸಿದ್ದು:

ಇಷ್ಟೆಲ್ಲಾ ತಲೆನೋವು ಯಾಕೆ? ಫೋನಿನಲ್ಲೇ ಆಡಬಹುದಲ್ಲ. ಸೇವ್ ಹೋಗುವುದಿಲ್ಲ, ಬ್ಯಾಟರಿ ಬದಲಾಯಿಸುವುದೂ ಬೇಡ.

ಕೌಂಟರ್‌ಹಿಂದಿನವ ಉತ್ತರಿಸಿದ್ದು:

ನಾನು ಇಂಥದ್ದೇ ಒಂದು ಚಿಕ್ಕ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಚಿಕ್ಕಪರದೆಯವರಿಗೆ ಆಗಿದ್ದು ಅನ್ಯಾಯವೇ. ಸೇವ್ ಪರೀಕ್ಷೆ ಮಾಡಿಲ್ಲ ಅಂದರೆ ಹಾಗಂತ ಚೀಟಿ ಬರೆದು ಅಂಟಿಸಬೇಕು. ಕೊಂಡವರು ಬಂದು ಕೇಳಿದಮೇಲೆ ಹೇಳುವ ಮಾತಲ್ಲ ಅದು.

ಬೆಸುಗೆಕಡ್ಡಿಯವರು ಹೇಳಿದ್ದರಲ್ಲಿ ಒಂದನ್ನು ಮಾತ್ರ ಒಪ್ಪುವುದಿಲ್ಲ. ಹೊಸ ಆಟ ಶುರು ಮಾಡಿ ಸೇವ್ ಮಾಡಿ ಅಂದರು. ದಯವಿಟ್ಟು ಅದಕ್ಕೂ ಮುಂಚೆ 'ಕಂಟಿನ್ಯೂ' ಇದೆಯಾ ನೋಡಿ. ಇದ್ದರೆ ಅದರೊಳಗೆ ಹೋಗಿ ನೋಡಿ. ಹಳಬರ ಸೇವ್ ಇನ್ನೂ ಇದೆ ಅಂದರೆ ಬ್ಯಾಟರಿಗೆ ಜೀವ ಇದೆ ಅಂತಲೇ ಅರ್ಥ, ಹೊಸ ಪರೀಕ್ಷೆ ಬೇಕಿಲ್ಲ. ಈ ಆಟಗಳಲ್ಲಿ ಒಂದೇ ಸೇವ್‌ಗೆ ಜಾಗ. ಹೊಸದನ್ನು ಬರೆದರೆ ಹಳೆಯದು ಅಳಿಸಿಹೋಗುತ್ತದೆ.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಮನೆ ಖಾಲಿ ಮಾಡುವಾಗ ಜನ ಡಬ್ಬಗಟ್ಟಲೆ ತಂದು ಮಾರುತ್ತಾರೆ. ಒಂದೊಂದರಲ್ಲೂ ಯಾರದೋ ಹೆಸರು, ನೂರಾರು ಗಂಟೆಯ ಆಟ. ಒಬ್ಬ ಹೆಂಗಸು ಗಂಡುಮಗು ಎತ್ತಿಕೊಂಡು ಸಿಲ್ವರ್ ಮಾರಲು ಬಂದರು. ನಾವು ಆನ್ ಮಾಡಿದಾಗ ಅವರದೇ ಹಳೇ ಪೋಕೆಮಾನ್ ಫೆರಾಲಿಗೇಟರ್ ತಂಡದ ಮೊದಲನೇ ಜಾಗದಲ್ಲಿ ನಿಂತಿತ್ತು. ಅವರು ಕಾರ್ಟ್ರಿಡ್ಜ್ ವಾಪಸ್ ತಗೊಂಡು ಹೋದರು, ಮಾರಲಿಲ್ಲ. ಅದಾದಮೇಲೆ ಮಾರಲು ಬಂದವರ ಎದುರೇ ಒಂದು ಸಲ ಆನ್ ಮಾಡಿ ತೋರಿಸುವುದನ್ನು ನಮ್ಮಲ್ಲಿ ರೂಢಿ ಮಾಡಿಕೊಂಡಿದ್ದೇವೆ. ಕಾರ್ಟ್ರಿಡ್ಜ್‌ನಿಂದ ಸೇವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ಚಿಕ್ಕ ರೀಡರ್ ಸಿಗುತ್ತದೆ. ಮೊದಲು ಇಳಿಸಿಕೊಂಡು, ಬ್ಯಾಟರಿ ಬದಲಾಯಿಸಿ, ಮತ್ತೆ ಏರಿಸಬಹುದು.

ಬಿಚ್ಚಿ ತೋರಿಸಿ ಅಂತ ಕೇಳಿ, ಖಂಡಿತ ಕೇಳಿ. ಆದರೆ ನೀವೇ ಬಿಚ್ಚಬೇಡಿ. ಗೇಮ್ ಬಾಯ್ ಅಡ್ವಾನ್ಸ್ ಕಾರ್ಟ್ರಿಡ್ಜ್‌ನ ಮೂರು ಮೂಲೆಯ ಸ್ಕ್ರೂ ಬೇರೆಯೇ ಥರ. ತಪ್ಪು ಸ್ಕ್ರೂಡ್ರೈವರ್ ಹಾಕಿದರೆ ತಲೆ ಸವೆದು ಆಮೇಲೆ ಯಾರಿಂದಲೂ ಬಿಚ್ಚುವುದಕ್ಕೆ ಆಗುವುದಿಲ್ಲ.

ಇನ್ನೊಂದು ಕೋರಿಕೆ. ಓಡದಿದ್ದ ತಕ್ಷಣ ಕಾರ್ಟ್ರಿಡ್ಜ್ ಬಾಯಿಗೆ ಊದಬೇಡಿ. ಉಸಿರಿನ ತೇವ ತಗುಲಿ ತಗುಲಿ ಪಿನ್ನುಗಳು ಹಾಳಾಗುತ್ತವೆ. ನಾವು ಗಿರಾಕಿಯ ಎದುರೇ ಹತ್ತಿಯ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಪಿನ್ನುಗಳನ್ನು ಒರೆಸುತ್ತೇವೆ. ಮೊದಲನೇ ಕಡ್ಡಿ ಕರ್ರಗೆ ಬರುತ್ತದೆ, ಎರಡನೇದು ಬೂದು, ಬಿಳಿಯಾಗಿ ಬರುವ ತನಕ ಒರೆಸುವುದು. 'ಕೆಟ್ಟುಹೋಗಿದೆ' ಅಂತ ಜನ ತಂದುಕೊಡುವ ಎಷ್ಟೋ ಕಾರ್ಟ್ರಿಡ್ಜ್ ಅಷ್ಟಕ್ಕೇ ಓಡುತ್ತವೆ. ನಿಂಟೆಂಡೊ ಎನ್ಇಎಸ್ ಕನ್ಸೋಲಿನ ಕೆಂಪು ದೀಪ ಮಿಣುಕುತ್ತಿದ್ದರೂ ಗೇಮ್ ಹೋಯಿತು ಅಂದುಕೊಳ್ಳಬೇಡಿ. ಒಳಗಿನ 72 ಪಿನ್ನಿನ ಕನೆಕ್ಟರ್ ಸಡಿಲವಾದರೆ, ಕಾರ್ಟ್ರಿಡ್ಜ್ ಅಸಲಿಯಾ ಅಂತ ಪರೀಕ್ಷಿಸುವ ಲಾಕ್ ಚಿಪ್‌ಗೆ ಕಾರ್ಟ್ರಿಡ್ಜ್‌ನಿಂದ ಸರಿಯಾದ ಉತ್ತರ ಸಿಗುವುದಿಲ್ಲ. ಅದು ಕನ್ಸೋಲನ್ನು ಮತ್ತೆ ಮತ್ತೆ ರೀಸೆಟ್ ಮಾಡುತ್ತದೆ.

ಚಿಕ್ಕಪರದೆ ಮತ್ತೆ ಬರೆದದ್ದು:

ಎಲ್ಲರಿಗೂ ಥ್ಯಾಂಕ್ಸ್. ಫೋನಿನಲ್ಲಿ ಆಡಿ ಅಂದವರಿಗೆ ಮೊದಲು ಹೇಳಿಬಿಡುತ್ತೇನೆ: ಡೌನ್‌ಲೋಡ್ ಆಟಗಳನ್ನೇ ನಂಬಿ ಕೂರುವ ಹಾಗಿಲ್ಲ. ಗೋಲ್ಡ್ 2017ರಲ್ಲಿ ನಿಂಟೆಂಡೊ 3ಡಿಎಸ್ ಕನ್ಸೋಲಿಗೆ ಡೌನ್‌ಲೋಡ್ ಆಗಿ ಬಂದಿತ್ತು. 2023ರ ಮಾರ್ಚ್ 27ಕ್ಕೆ ಅದರ ಆನ್‌ಲೈನ್ ಅಂಗಡಿಯಾದ ಇ-ಶಾಪ್‌ನಲ್ಲಿ ಮಾರಾಟವೇ ನಿಂತುಹೋಯಿತು. ಅದೇ ವರ್ಷ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ ಒಂದು ಅಧ್ಯಯನ ಪ್ರಕಟಿಸಿತು. 2010ಕ್ಕೆ ಮುಂಚೆ ಅಮೆರಿಕದಲ್ಲಿ ಬಂದ ಹಳೇ ಗೇಮ್‌ಗಳಲ್ಲಿ 87% ಈಗ ಮಾರುಕಟ್ಟೆಯಲ್ಲಿ ಸಿಗುವುದಿಲ್ಲ ಅಂತ ಅದರಲ್ಲಿತ್ತು. ಇಂಥ ಅಂಗಡಿಗಳ ಕಪಾಟಿನಲ್ಲಿ ಮಾತ್ರ ಉಳಿದಿರುವ ಆಟಗಳು ಬಹಳ ಇವೆ. ಹಾಗಿರುವಾಗ ಆ ಅಂಗಡಿಗಳು ಸರಿಯಾಗಿ ನಡೆಯಬೇಕು ಅಂತ ನಾನು ಕೇಳುವುದು ಜಾಸ್ತಿ ಏನಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಬೇರೊಂದು ಅಂಗಡಿಗೆ ಅದೇ ಕಾರ್ಟ್ರಿಡ್ಜ್ ತಗೊಂಡು ಹೋದೆ. ಅದನ್ನು ಅವರಲ್ಲಿ ಕೊಂಡಿದ್ದಲ್ಲ ಅಂತ ಮೊದಲೇ ಹೇಳಿದೆ. ಅಲ್ಲಿದ್ದವರು ನಾನು ಕೇಳುವ ಮುಂಚೆಯೇ ಗೇಮ್‌ಬಿಟ್ ತೆಗೆದರು. ಮುಚ್ಚಳ ತೆಗೆದು ಬೋರ್ಡನ್ನು ನನ್ನ ಕಡೆ ತಿರುಗಿಸಿ ಇಟ್ಟು, "ನೋಡಿ, ಇಲ್ಲಿ ಹೆಸರಿದೆ, ಇದು ಕ್ರಿಸ್ಟಲ್. ಅಸಲೀನೇ" ಅಂದರು. ಮಲ್ಟಿಮೀಟರಿನ ಎರಡು ಕಡ್ಡಿ ಬ್ಯಾಟರಿಗೆ ಮುಟ್ಟಿಸಿದರು. 3 ವೋಲ್ಟ್ ತೋರಿಸಬೇಕಾದ ಕಡೆ 1ರ ಹತ್ತಿರವೂ ಬರಲಿಲ್ಲ. ಹಳೇ ಬ್ಯಾಟರಿ ಬಿಡಿಸಿ, ಪಟ್ಟಿ ಇರುವ ಹೊಸದನ್ನು ಬೆಸೆದು, ಒಳಗಡೆ ಮುಚ್ಚಳದ ಮೇಲೆ ಪೆನ್ಸಿಲಿನಲ್ಲಿ ತಿಂಗಳು, ವರ್ಷ ಬರೆದರು. ಮುಂದೆ ಬಿಚ್ಚುವವರಿಗೆ ಗೊತ್ತಾಗಲಿ ಅಂತ. ಆಮೇಲೆ ಸೇವ್ ಮಾಡಿ, ಹೊರಗೆ ತೆಗೆದು ಇಟ್ಟು, ಮತ್ತೆ ಹಾಕಿ 'ಕಂಟಿನ್ಯೂ' ತೋರಿಸಿದ ಮೇಲೇ ನನ್ನ ಕೈಗೆ ಕೊಟ್ಟರು. ಈಗ ಸೇವ್ ಗಟ್ಟಿಯಾಗಿ ನಿಂತಿದೆ.

ಮೊದಲಿನ ಅಂಗಡಿಗೆ ಇನ್ನು ಹೋಗುವುದಿಲ್ಲ. ಸಿಲ್ವರ್ ಕೂಡ ಇವರ ಹತ್ತಿರವೇ ತಗೊಳ್ಳಬೇಕು ಅಂತಿದ್ದೇನೆ. ತಮ್ಮನ ಜೊತೆ ಟ್ರೇಡ್ (ಪೋಕೆಮಾನ್ ಅದಲುಬದಲು) ಮಾಡುವುದಕ್ಕೆ ಎರಡು ಕನ್ಸೋಲ್ ಜೋಡಿಸುವ ಲಿಂಕ್ ಕೇಬಲ್ ಬೇಕು. ಡಬ್ಬದಲ್ಲಿ ಬೇರೆ ಬೇರೆ ಥರದ್ದು ರಾಶಿ ಬಿದ್ದಿತ್ತು. ಯಾವುದು ತಗೊಳ್ಳಲಿ? ಅವನದೂ ಗೇಮ್ ಬಾಯ್ ಕಲರ್ರೇ.

ಬೆಸುಗೆಕಡ್ಡಿ ಉತ್ತರಿಸಿದ್ದು:

ಕೆಲಸ ಚೆನ್ನಾಗಿ ಮಾಡಿದ್ದಾರೆ. ಕೌಂಟರ್‌ಹಿಂದಿನವರು 'ಕಂಟಿನ್ಯೂ' ಮೊದಲು ನೋಡಿ ಅಂದಿದ್ದೂ ಸರಿ.

ಕೇಬಲ್ ವಿಷಯ: 1989ರ ಮೊದಲ ಗೇಮ್ ಬಾಯ್‌ನ ಪೋರ್ಟ್ ದೊಡ್ಡದು, ಅದರ ಕೇಬಲ್ ನಿಮ್ಮದಕ್ಕೆ ಕೂರುವುದಿಲ್ಲ. ಗೇಮ್ ಬಾಯ್ ಪಾಕೆಟ್ ಮತ್ತು ಕಲರ್‌ದು ಚಿಕ್ಕ ಪೋರ್ಟ್, ಎರಡಕ್ಕೂ ಒಂದೇ ಕೇಬಲ್ ಆಗುತ್ತದೆ. ಎರಡೂ ತುದಿ ಚಿಕ್ಕದಿರುವುದನ್ನೇ ಆರಿಸಿ. ಹೋಗುವಾಗ ತಮ್ಮನನ್ನೂ ಅವರ ಕನ್ಸೋಲನ್ನೂ ಕರೆದುಕೊಂಡು ಹೋಗಿ. ಅಂಗಡಿಯಲ್ಲೇ ಜೋಡಿಸಿ ಒಂದು ಟ್ರೇಡ್ ಮುಗಿಸಿ. ಟ್ರೇಡ್ ಆಗುವಾಗ ಕೇಬಲ್ಲಿನ ತುದಿಯನ್ನು ಆಚೀಚೆ ಅಲ್ಲಾಡಿಸಬೇಡಿ, ಸೇವ್‌ಗೆ ಒಳ್ಳೇದಲ್ಲ. ಅಲ್ಲಾಡಿಸಿ ನೋಡುವುದೇನಿದ್ದರೂ ಬರೀ ಸಂಪರ್ಕ ಆಗಿದೆಯಾ ಅಂತ ನೋಡುವಾಗ, ಟ್ರೇಡ್ ಶುರು ಮಾಡುವ ಮುಂಚೆ.