ಬಾಡಿ ಬದಲಿಸುವ ಮೊದಲು ಲೆನ್ಸ್ ನೋಡು ಪುಟ್ಟಿ

ಪುಟ್ಟಿ, ನಿನ್ನ ಮೆಸೇಜ್ ನೋಡಿದೆ. ನಿಕಾನ್ ಡಿ5600 ಹಳೆಯದಾಯಿತು, ತಂಗಿ ಸ್ಟೇಜ್ ಮೇಲೆ ಡ್ಯಾನ್ಸ್ ಮಾಡುವಾಗ ತೆಗೆದ ಫೋಟೋ ಒಂದೂ ಸರಿಯಾಗಿ ಬರ್ತಿಲ್ಲ, ಮಾರಿ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ) ತಗೊಳ್ಳಲಾ ಚಿಕ್ಕಪ್ಪ ಅಂತ ಕೇಳಿದ್ದೀಯ. ಉತ್ತರ ಸ್ವಲ್ಪ ಉದ್ದ ಆಗುತ್ತದೆ, ಪುರುಸೊತ್ತಾದಾಗ ಕೂತು ಓದು.

ಮೊದಲೇ ಹೇಳಿಬಿಡುತ್ತೇನೆ. ಈಗಲೇ ಬಾಡಿ, ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ, ಬದಲಿಸಬೇಡ, ಒಂದು ಲೆನ್ಸ್ ತಗೋ.

ಯಾಕೆ ಅಂದರೆ, ನೀನು ಕಳಿಸಿದ ಒರಿಜಿನಲ್ ಫೈಲ್ ದೊಡ್ಡದು ಮಾಡಿ ನೋಡಿದೆ. ಹಿಂದಿನ ಪರದೆಯ ಮಡಿಕೆ ಒಂದೊಂದೂ ಶಾರ್ಪ್ ಆಗಿದೆ. ತಂಗಿಯ ಕೈ ಮತ್ತು ಜಡೆ ಮಾತ್ರ ಕಲಸಿಕೊಂಡಿದೆ. ಅಂದರೆ ನಿನ್ನ ಕೈ ಅಲುಗಿಲ್ಲ, ಅವಳು ಅಲುಗಿದ್ದಾಳೆ. ಶಟರ್ ತೆರೆದಿರುವ ಹೊತ್ತು 1/30 ಸೆಕೆಂಡ್ ಇದೆ, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಅಳತೆ) 3200, ಅಪರ್ಚರ್ (ಲೆನ್ಸ್ ಎಷ್ಟು ತೆರೆದಿದೆ ಅನ್ನುವುದು, ಅಂಕಿ ಚಿಕ್ಕದಾದಷ್ಟೂ ಜಾಸ್ತಿ ತೆರೆದಿರುತ್ತದೆ) ಎಫ್/5.6. ಆ ಸ್ಪೀಡಿನಲ್ಲಿ ಬೀಸುವ ಕೈ ನಿಲ್ಲುವುದಿಲ್ಲ. ಹೊಸ ಬಾಡಿಯಲ್ಲಿ ಸ್ಟೆಬಿಲೈಸೇಶನ್ ಇದೆ ಅಂತ ಎಲ್ಲರೂ ಹೇಳುತ್ತಾರೆ, ನಿಜ, ಆದರೆ ಅದು ಕ್ಯಾಮೆರಾ ಹಿಡಿದವರ ಕೈ ನಡುಕ ತಡೆಯುತ್ತದೆಯೇ ಹೊರತು ಎದುರಿಗಿರುವವರು ಓಡಾಡುವುದನ್ನಲ್ಲ.

ನಿನ್ನ 18-55 ಝೂಮ್ ಲೆನ್ಸನ್ನು 55ಕ್ಕೆ ತಿರುಗಿಸಿದರೆ ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಅದೇ ಜಾಗಕ್ಕೆ 50 ಎಂಎಂ ಎಫ್/1.8 ಹಾಕಿದರೆ ಹೆಚ್ಚುಕಡಿಮೆ ಒಂಬತ್ತೂವರೆ ಪಟ್ಟು ಜಾಸ್ತಿ ಬೆಳಕು ಒಳಗೆ ಬರುತ್ತದೆ. ಐಎಸ್‌ಒ ಅಷ್ಟೇ ಇಟ್ಟು 1/250ಕ್ಕೆ ಹೋಗಬಹುದು. 1/30 ಎಲ್ಲಿ, 1/250 ಎಲ್ಲಿ! ಅವಳು ಕೈ ಚಾಚಿ ಒಂದು ಭಂಗಿಯಲ್ಲಿ ಅರೆಕ್ಷಣ ನಿಲ್ಲುತ್ತಾಳಲ್ಲ, ಆಗ ಒತ್ತಿದರೆ ಬೆರಳು ಬೆರಳೂ ಬಿಡಿಸಿ ಕಾಣುತ್ತದೆ.

ನಾನು ಇಷ್ಟು ಖಂಡಿತವಾಗಿ ಹೇಳುವುದಕ್ಕೆ ಕಾರಣ ನನ್ನ ಕೈಯಲ್ಲಿ ಹಾದುಹೋದ ಕ್ಯಾಮೆರಾಗಳು. ನಾನು ಕಲಿತದ್ದು ಪೆಂಟಾಕ್ಸ್ ಕೆ1000ರಲ್ಲಿ. 1976ರಿಂದ 1997ರವರೆಗೆ ತಯಾರಾದ ಕ್ಯಾಮೆರಾ ಅದು, ಎಲ್ಲವೂ ಕೈಯಲ್ಲೇ, ಬ್ಯಾಟರಿ ಬೇಕಾಗುತ್ತಿದ್ದದ್ದು ಬೆಳಕು ಅಳೆಯುವ ಮೀಟರಿಗೆ ಮಾತ್ರ. ವ್ಯೂಫೈಂಡರ್ ಒಳಗೆ ಬಲಗಡೆ ಒಂದು ಸಣ್ಣ ಮುಳ್ಳು. ಅದು ನಡುವೆ ಬರುವವರೆಗೆ ಅಪರ್ಚರ್ ರಿಂಗ್ ತಿರುಗಿಸು, ಇಲ್ಲಾ ಶಟರ್ ಡಯಲ್ ತಿರುಗಿಸು, ಅಷ್ಟೇ. ಬೆಳಕು, ಅಪರ್ಚರ್, ಶಟರ್ ಮೂರಕ್ಕೂ ಇರುವ ನಂಟು ಆ ಮುಳ್ಳಿನಿಂದಲೇ ನನ್ನ ತಲೆಗೆ ಹೋಯಿತು. 400ರ ಫಿಲಂ ಹಾಕಿದರೆ 36 ಫ್ರೇಮ್ ಮುಗಿಯುವವರೆಗೆ 400ರಲ್ಲೇ ಇರಬೇಕು, ನೀನು ಈಗ ಮಾಡುವ ಹಾಗೆ ಪ್ರತಿ ಫೋಟೋಗೂ ಐಎಸ್‌ಒ ಬದಲಿಸುವ ಮಾತೇ ಇರಲಿಲ್ಲ. ಹಾಗಾಗಿ ಕತ್ತಲು ಅಂದರೆ ದೊಡ್ಡದಾಗಿ ತೆರೆಯುವ ಲೆನ್ಸ್ ಅಂತಲೇ ನಮಗೆ ಅರ್ಥ.

ಆಮೇಲೆ ಡಿಜಿಟಲ್ ಬಂತು, ನಾನು ನಿಕಾನ್ ಡಿ70ಕ್ಕೆ ಬಂದೆ. 2004ರ ಕ್ಯಾಮೆರಾ, ಬರೀ 6 ಮೆಗಾಪಿಕ್ಸೆಲ್. ಈಗ ಕೇಳಿದರೆ ಕಡಿಮೆ ಅನ್ನಿಸುತ್ತದೆ ಅಲ್ವಾ? ಆದರೆ 12 ಇಂಚಿಗೆ 8 ಇಂಚಿನ ಪ್ರಿಂಟಿಗೆ ಅದು ಧಾರಾಳ ಸಾಕು. ನಿಮ್ಮ ಮನೆ ಹಾಲ್‌ನಲ್ಲಿ ಅಜ್ಜಿಯ ಫೋಟೋ ಇದೆಯಲ್ಲ, ಅದು ಆ ಡಿ70ರದ್ದೇ. ಅದರ ಐಎಸ್‌ಒ 1600ಕ್ಕೇ ಮುಗಿಯುತ್ತಿತ್ತು, ಸಂಜೆಯ ಮೇಲೆ ಕಷ್ಟ. ಅದಕ್ಕೇ ಡಿ90 ತಗೊಂಡೆ. ಅದರ ಬಗ್ಗೆ ಹೇಳುವಂಥದ್ದು ಜಾಸ್ತಿ ಇಲ್ಲ, ಒಳ್ಳೆಯ ಕ್ಯಾಮೆರಾ, ವರ್ಷಗಟ್ಟಲೆ ತಕರಾರಿಲ್ಲದೆ ದುಡಿಯಿತು.

ಈಗ ಇರುವುದು ಝಡ್6, ಮಿರರ್‌ಲೆಸ್. ಇದನ್ನು ತಗೊಂಡದ್ದು ಒಂದೇ ಕಾರಣಕ್ಕೆ, ಸದ್ದಿಲ್ಲದೆ ಫೋಟೋ ತೆಗೆಯಬೇಕಿತ್ತು. ಸಂಗೀತ ಕಛೇರಿಯಲ್ಲಿ ಆಲಾಪನೆ ನಡೆಯುವಾಗ ಡಿ90 ಕನ್ನಡಿ ಟಪ್ ಅಂದರೆ ಮುಂದಿನ ಸಾಲಿನವರೆಲ್ಲಾ ತಿರುಗಿ ನೋಡುತ್ತಿದ್ದರು. ಝಡ್6ರಲ್ಲಿ ಸದ್ದೇ ಇಲ್ಲ. ಕಣ್ಣನ್ನು ತಾನೇ ಹುಡುಕಿ ಫೋಕಸ್ ಮಾಡುತ್ತದೆ, ಅದೂ ದೊಡ್ಡ ಉಪಕಾರ. ಆದರೆ ಒಂದು ವಿಷಯ ಅಂಗಡಿಯವರು ಹೇಳುವುದಿಲ್ಲ: ಆ ಸೈಲೆಂಟ್ ಶಟರ್ ಕೆಲವು ಎಲ್‌ಇಡಿ ಲೈಟಿನ ಕೆಳಗೆ ಫೋಟೋದ ಮೇಲೆ ಅಡ್ಡಡ್ಡ ಪಟ್ಟೆ ಮೂಡಿಸುತ್ತದೆ. ಇವತ್ತಿನ ಸ್ಟೇಜ್ ತುಂಬಾ ಎಲ್‌ಇಡಿಯೇ. ಇನ್ನು ಬ್ಯಾಟರಿ. ಕಂಪನಿ ಲೆಕ್ಕದಲ್ಲೇ ಡಿ90ಗೆ ಒಂದು ಚಾರ್ಜಿಗೆ 850 ಫೋಟೋ, ಝಡ್6ಗೆ 310. ಜೇಬಿನಲ್ಲಿ ಇನ್ನೊಂದು ಬ್ಯಾಟರಿ ಇರಲೇಬೇಕು.

ಲೆನ್ಸ್ ತಗೊಳ್ಳುವಾಗ ಇದನ್ನು ಮಾತ್ರ ಮರೆಯಬೇಡ. ನಿಕಾನ್ ಎಫ್ ಮೌಂಟ್ (ಬಾಡಿಗೆ ಲೆನ್ಸ್ ಕೂರುವ ಜಾಗ) 1959ರಿಂದ ಇದೆ, ಹಾಗಾಗಿ ಸೆಕೆಂಡ್ ಹ್ಯಾಂಡ್‌ನಲ್ಲಿ ರಾಶಿ ಲೆನ್ಸ್ ಸಿಗುತ್ತದೆ. ಅದರಲ್ಲಿ 50 ಎಂಎಂ 1.8 ಅಂತ ಎರಡು ಥರ ಕಾಣಿಸುತ್ತದೆ. ಹೆಸರಿನ ಕೊನೆಗೆ ಡಿ ಅಂತಿದ್ದರೆ ಅದರೊಳಗೆ ಫೋಕಸ್ ಮಾಡುವ ಮೋಟಾರ್ ಇಲ್ಲ. ನನ್ನ ಡಿ70, ಡಿ90 ಬಾಡಿಯಲ್ಲೇ ಮೋಟಾರ್ ಇತ್ತು, ಅಲ್ಲಿ ನಡೆಯುತ್ತಿತ್ತು. ನಿನ್ನ ಡಿ5600ರಲ್ಲಿ ಅದಿಲ್ಲ, ಆಟೋಫೋಕಸ್ ಆಗುವುದಿಲ್ಲ, ಕೈಯಲ್ಲೇ ತಿರುಗಿಸುತ್ತಾ ಕೂರಬೇಕು. ಎಎಫ್-ಎಸ್ ಅಂತ ಬರೆದು ಕೊನೆಗೆ ಜಿ ಇರುವುದನ್ನೇ ಕೇಳು. ನಾಳೆ ನೀನು ನಿಕಾನ್ ಮಿರರ್‌ಲೆಸ್‌ಗೇ ಹೋದರೂ ಎಫ್ ಮೌಂಟ್ ಲೆನ್ಸ್ ಜೋಡಿಸುವ ಎಫ್‌ಟಿಝಡ್ ಅಡಾಪ್ಟರ್ ಹಾಕಿದರೆ ಆ ಜಿ ಲೆನ್ಸ್ ಆಟೋಫೋಕಸ್ ಸಮೇತ ನಡೆಯುತ್ತದೆ, ದುಡ್ಡು ದಂಡ ಆಗುವುದಿಲ್ಲ. ನಿನ್ನ ಕ್ಯಾಮೆರಾದ ಸೆನ್ಸರ್ (ಬೆಳಕು ಹಿಡಿಯುವ ಭಾಗ) ಸಣ್ಣದು, ಅದರ ಮೇಲೆ 50 ಎಂಎಂ ಅಂದರೆ 75 ಎಂಎಂನಷ್ಟು ಹತ್ತಿರ ಕಾಣಿಸುತ್ತದೆ. ಮುಂದಿನ ಸಾಲುಗಳಲ್ಲಿ ಕೂತರೆ ಒಬ್ಬಳು ಡ್ಯಾನ್ಸರ್‌ಗೆ ಹೇಳಿ ಮಾಡಿಸಿದ ಹಾಗೆ.

ಹಾಂ, ಇನ್ನೊಂದು. ಹಿಂದೆ ಕಪ್ಪು ಪರದೆ ಇದ್ದರೆ ಕ್ಯಾಮೆರಾ ಎಲ್ಲಾ ಕತ್ತಲೆ ಅಂದುಕೊಂಡು ಜಾಸ್ತಿ ಬೆಳಕು ತಗೊಳ್ಳುತ್ತದೆ, ಮುಖ ಬೆಳ್ಳಗೆ ಸುಟ್ಟುಹೋಗುತ್ತದೆ. ಸ್ಪಾಟ್ ಮೀಟರಿಂಗ್ (ಸಣ್ಣ ಜಾಗದ ಬೆಳಕು ಮಾತ್ರ ಅಳೆಯುವುದು) ಇಟ್ಟು ಮುಖದಿಂದ ಅಳೆ. ಎಫ್/1.8ರಲ್ಲಿ ಒಂದು ಕಣ್ಣು ಸರಿ ಬಂದು ಇನ್ನೊಂದು ಮಸುಕಾಗುವುದು ಉಂಟು, ಎಫ್/2.2ರಲ್ಲಿ ಇಟ್ಟುಕೊಂಡರೆ ಸುಮ್ನೆ ತಲೆಬಿಸಿ ಇಲ್ಲ.

ನನ್ನ ಹತ್ತಿರ 50 ಎಂಎಂ ಜಿ ಇದೆ, ಈ ವಾರವೇ ಕಳಿಸಿಕೊಡುತ್ತೇನೆ. ತಂಗಿಯ ಮುಂದಿನ ಪ್ರೋಗ್ರಾಂ ಅದರಲ್ಲೇ ತೆಗೆ, ರಾ ಫೈಲ್‌ಗಳನ್ನು (ಕ್ಯಾಮೆರಾ ತಿದ್ದದ ಮೂಲ ಫೈಲ್) ನನಗೆ ಕಳಿಸು. ನೋಡಿದ ಮೇಲೂ ಮಿರರ್‌ಲೆಸ್ ಬೇಕು ಅನ್ನಿಸಿದರೆ ನಾನೇ ಜೊತೆಗೆ ಬಂದು ಕೊಡಿಸುತ್ತೇನೆ.