ಸೋದರ ಮಾವನ ಮಗನ ಸಂಬಂಧ, ದೊಡ್ಡಮ್ಮನ ಮೊಮ್ಮಗನಿಗೆ ಥಲಸ್ಸೇಮಿಯಾ: ಅನುಭವ ಇದ್ದವರು ಹೇಳಿ

ಎಲ್ಲರಿಗೂ ನಮಸ್ಕಾರ. ನಮ್ಮದು ಉಡುಪಿ ಹತ್ತಿರ, ನನಗೆ 26 ವರ್ಷ. ಸೋದರ ಮಾವನ ಮಗನ ಜೊತೆ ಮದುವೆ ಮಾತು ನಡೀತಾ ಉಂಟು, ನಮಗಿಬ್ಬರಿಗೂ ಒಪ್ಪಿಗೆ. ಆದರೆ ದೊಡ್ಡಮ್ಮನ (ಅಮ್ಮನ ಅಕ್ಕನ) ಮಗಳ ಮಗುವಿಗೆ ಥಲಸ್ಸೇಮಿಯಾ ಮೇಜರ್, ಅಂದರೆ ಮೈಯಲ್ಲಿ ರಕ್ತ ಸರಿಯಾಗಿ ಆಗದ, ವಂಶದಲ್ಲಿ ಬರುವ ಕಾಯಿಲೆ. ಈಗ 4 ವರ್ಷ, ಮೂರ್ನಾಲ್ಕು ವಾರಕ್ಕೊಮ್ಮೆ ರಕ್ತ ಕೊಡಿಸ್ತಾರೆ. ಮನೆಯಲ್ಲಿ ಕೇಳಿದರೆ "ನಿಮ್ಮಿಬ್ಬರದ್ದು ಬಳಿ (ತಾಯಿಯ ಕಡೆಯ ಕುಲ) ಬೇರೆ, ಹಾಗಾಗಿ ರಕ್ತವೂ ಬೇರೆ, ಹೆದರಲಿಕ್ಕೆ ಎಂತ ಉಂಟು" ಅಂತಾರೆ. ನನಗೆ ಮನಸ್ಸು ಕೇಳ್ತಾ ಇಲ್ಲ. ಯಾವ ಪರೀಕ್ಷೆ ಮಾಡಿಸಬೇಕು, ಹಿರಿಯರಿಗೆ ಹೇಗೆ ಹೇಳಬೇಕು?

ಮಂಗಳೂರಿನಿಂದ, ಒಬ್ಬ ತಾಯಿ:
ತಂಗಿ, ನಾನು ಆ ಮಗುವಿನ ಅಮ್ಮನ ಜಾಗದಲ್ಲೇ ಇರುವವಳು. ನನ್ನ ಮಗನಿಗೆ ಈಗ 11. ಹುಟ್ಟುವಾಗ ಮೂರು ಕಿಲೋ, ಕೆಂಪು ಕೆಂಪಾಗಿದ್ದ. ಏಳು ತಿಂಗಳಾಗುವಾಗ ಬಿಳಿಚಿಕೊಂಡ, ಹಾಲು ಕುಡಿಯುತ್ತಾ ಕುಡಿಯುತ್ತಾ ನಿದ್ದೆ ಹೋಗುತ್ತಿದ್ದ. ಹಲ್ಲು ಬರುವಾಗ ಹೀಗೆಲ್ಲ ಆಗ್ತದೆ ಅಂದರು. ನಾಗದೋಷ ಅಂದರು, ಆಶ್ಲೇಷ ಬಲಿ ಮಾಡಿಸಿದೆವು. ಮಾಡಿಸಿದ್ದಕ್ಕೆ ನನಗೆ ಬೇಸರ ಇಲ್ಲ. ಆ ಎರಡು ತಿಂಗಳು ರಕ್ತಪರೀಕ್ಷೆ ಮಾಡಿಸದೆ ಹೋದದ್ದಕ್ಕೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಕೊನೆಗೆ ನೋಡುವಾಗ ಹಿಮೋಗ್ಲೋಬಿನ್ 4.2.

ಆರು ತಿಂಗಳವರೆಗೆ ಚೆನ್ನಾಗಿದ್ದದ್ದು ಹೇಗೆ ಅಂತ ನಾನು ಡಾಕ್ಟರರನ್ನು ಹತ್ತು ಸಲ ಕೇಳಿದ್ದೆ. ಹೊಟ್ಟೆಯೊಳಗಿರುವಾಗ ಮಗುವಿಗೆ ಬೇರೆಯೇ ಒಂದು ಹಿಮೋಗ್ಲೋಬಿನ್ ಇರುತ್ತದಂತೆ. ಹುಟ್ಟಿದ ಮೇಲೆ ಅದು ನಿಧಾನ ಇಳಿದು ದೊಡ್ಡವರದ್ದು ತಯಾರಾಗಬೇಕು. ಥಲಸ್ಸೇಮಿಯಾದಲ್ಲಿ ಆ ದೊಡ್ಡವರ ಹಿಮೋಗ್ಲೋಬಿನ್‌ಗೆ ಬೇಕಾದ ಬೀಟಾ ಸರಪಳಿಯೇ ಸರಿಯಾಗಿ ಆಗುವುದಿಲ್ಲ. ಹಾಗಾಗಿ ಆರು ತಿಂಗಳ ನಂತರ ಎರಡು ವರ್ಷದೊಳಗೆ ಕಾಯಿಲೆ ಗೊತ್ತಾಗುವುದು.

ನಾನೂ ನನ್ನ ಗಂಡನೂ ಇಬ್ಬರೂ ಥಲಸ್ಸೇಮಿಯಾ ಮೈನರ್, ಅಂದರೆ ಜೋಡಿ ಜೀನ್‌ನಲ್ಲಿ ಒಂದರಲ್ಲಿ ಮಾತ್ರ ತಪ್ಪು, ಕಾಯಿಲೆ ಇಲ್ಲ. ನಾವು ಸಂಬಂಧಿಕರಲ್ಲ, ನನ್ನದು ಪುತ್ತೂರು, ಅವರದ್ದು ಭಟ್ಕಳ. ನನ್ನ ಬಸುರಿನ ರಿಪೋರ್ಟ್‌ನಲ್ಲೇ ಎಂಸಿವಿ (ಕೆಂಪು ರಕ್ತಕಣದ ಗಾತ್ರ) 64 ಅಂತ ಬರೆದಿತ್ತು. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ರಕ್ತ ಕಡಿಮೆ ಅಂತ ಕಬ್ಬಿಣದ ಮಾತ್ರೆ ಬರೆದು ಕಳಿಸಿದರು.

ಒಂದು ವಿಷಯ ಗಟ್ಟಿಯಾಗಿ ತಿಳಿದುಕೋ. ಇಬ್ಬರೂ ಮೈನರ್ ಆದರೆ ಪ್ರತಿ ಬಸುರಿನಲ್ಲೂ ನೂರಕ್ಕೆ 25 ಮೇಜರ್ ಆಗುವ ಸಾಧ್ಯತೆ, 50 ಮೈನರ್, 25 ಏನೂ ಇಲ್ಲದ ಮಗು. "ಒಂದಕ್ಕೆ ಬಂತಲ್ಲ, ಇನ್ನು ಮೂರಕ್ಕೆ ಬರ್ಲಿಕ್ಕಿಲ್ಲ" ಅಂತ ನಮ್ಮ ಅತ್ತೆ ಸಮಾಧಾನ ಹೇಳಿದ್ದರು. ಹಾಗಲ್ಲ, ಪ್ರತಿ ಸಲವೂ ಹೊಸ ಲೆಕ್ಕ. ಎರಡನೆಯದ್ದು ನಿಂತಾಗ 12ನೇ ವಾರದಲ್ಲಿ ಮಾಸಿನಿಂದ ಚೂರು ತೆಗೆದು ಪರೀಕ್ಷೆ ಮಾಡಿಸಿದೆವು. ನಮ್ಮಿಬ್ಬರ ಜೀನ್‌ನಲ್ಲಿ ತಪ್ಪು ಎಲ್ಲಿ ಉಂಟು ಅಂತ ಅದಕ್ಕೆ ಮೊದಲೇ ಕಂಡುಹಿಡಿದಿದ್ದರು. ಇಂಥ ಕಾಯಿಲೆಗೆ ಭ್ರೂಣಪರೀಕ್ಷೆಗೆ 1994ರ ಕಾನೂನಿನಲ್ಲೇ ಅವಕಾಶ ಉಂಟು, ಗಂಡೋ ಹೆಣ್ಣೋ ಹೇಳಲಿಕ್ಕೆ ಮಾತ್ರ ಇಲ್ಲ. ಮಗಳು ಮೈನರ್, ಆರೋಗ್ಯವಾಗಿ ಓಡಾಡ್ತಾಳೆ.

ಮಗನಿಗೆ ಮೂರು ವಾರಕ್ಕೊಮ್ಮೆ ರಕ್ತ. ಕೊಟ್ಟ ರಕ್ತದಿಂದ ಕಬ್ಬಿಣ ಲಿವರ್‌ನಲ್ಲಿ, ಹೃದಯದಲ್ಲಿ ಕೂರುತ್ತದೆ, ಅದನ್ನು ಇಳಿಸಲಿಕ್ಕೆ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ನೀರಿನಲ್ಲಿ ಕರಗಿಸಿದ ಮಾತ್ರೆ. ಆಟಿ ತಿಂಗಳ ಮಳೆಯಲ್ಲಿ ದಾನಿಗಳು ಸಿಗದೆ ಎಷ್ಟು ಜನರಿಗೆ ಫೋನ್ ಮಾಡಿದ್ದೇನೆ ಅಂತ ಲೆಕ್ಕ ಇಲ್ಲ. ಅವನು ನನ್ನ ಪ್ರಾಣ. ಆದರೂ ನಿನಗೆ ಒಂದು ರಕ್ತಪರೀಕ್ಷೆಯಿಂದ ಮೊದಲೇ ಗೊತ್ತಾಗುವುದಾದರೆ ದಯವಿಟ್ಟು ಮಾಡಿಸು.

ಕಾರ್ಕಳ ಕಡೆಯಿಂದ:
ಇಷ್ಟೆಲ್ಲ ತಲೆಬಿಸಿ ಎಂತಕ್ಕೆ? ಈ ಸಂಬಂಧ ಬಿಟ್ಟು ಹೊರಗಿನ ಹುಡುಗನನ್ನು ನೋಡಿ.

ಮಣಿಪಾಲದಿಂದ, ಲ್ಯಾಬ್‌ನಲ್ಲಿ 14 ವರ್ಷ ಕೆಲಸ ಮಾಡಿದವರು:
ಮೇಲಿನ ಮಾತು ಅಷ್ಟು ಸುಲಭ ಅಲ್ಲ. ಮೇಲೆ ಬರೆದ ಅಕ್ಕ ಹೊರಗಿನವರನ್ನೇ ಮದುವೆಯಾದದ್ದು. ನಮ್ಮ ದೇಶದಲ್ಲಿ ನೂರಕ್ಕೆ ಮೂರು ನಾಲ್ಕು ಜನ ಮೈನರ್ ಇದ್ದಾರೆ, ಹೆಚ್ಚಿನವರಿಗೆ ಗೊತ್ತೇ ಇಲ್ಲ. ಹೊರಗಿನ ಹುಡುಗನಾದರೂ ಪರೀಕ್ಷೆ ಬೇಕೇ ಬೇಕು.

ಬಳಿ ವಿಷಯ ಹೇಳ್ತೇನೆ, ಯಾಕೆಂದರೆ ಗೊಂದಲ ಇರುವುದು ಅಲ್ಲೇ. ಬಳಿ ತಾಯಿಯಿಂದ ಬರುವುದು. ನಿಮ್ಮದು ನಿಮ್ಮ ಅಮ್ಮನ ಬಳಿ, ಅದೇ ಮಾವನದ್ದೂ. ಮಾವನ ಮಗನದ್ದು ಅವನ ಅಮ್ಮನ ಬಳಿ. ಲೆಕ್ಕಕ್ಕೆ ಬೇರೆ, ಸರಿ. ಆದರೆ ನಿಮಗೆ ಮುತ್ತಜ್ಜ ಮುತ್ತಜ್ಜಿಯರು ಒಟ್ಟು ಎಂಟು ಮಂದಿ, ಬಳಿ ಅವರಲ್ಲಿ ಒಬ್ಬರ ಲೆಕ್ಕ ಮಾತ್ರ ಇಡುವುದು. ಗೋತ್ರವೂ ಹಾಗೆಯೇ, ತಂದೆಯ ಕಡೆಯ ಒಂದೇ ಎಳೆ. ಜೀನ್‌ಗಳು ಎಂಟೂ ಮಂದಿಯಿಂದ ಬರುತ್ತವೆ. ನಮ್ಮಲ್ಲಿ ಜೀನ್‌ಗಳನ್ನು ಹೊತ್ತ 23 ಜೊತೆ ಕ್ರೋಮೋಸೋಮ್ ಉಂಟು, ಪ್ರತಿ ಜೊತೆಯಲ್ಲೂ ಒಂದು ಅಮ್ಮನದ್ದು, ಒಂದು ಅಪ್ಪನದ್ದು. ಥಲಸ್ಸೇಮಿಯಾದ ಜೀನ್ ಇರುವುದು 11ನೆಯದರಲ್ಲಿ. ಅದಕ್ಕೆ ಬಳಿಯೂ ಗೊತ್ತಿಲ್ಲ, ಗೋತ್ರವೂ ಗೊತ್ತಿಲ್ಲ. ನಿಮಗೂ ಅವನಿಗೂ ಅಜ್ಜ ಅಜ್ಜಿ ಒಬ್ಬರೇ. ಹಾಗಾಗಿ ಸರಾಸರಿ ಎಂಟರಲ್ಲಿ ಒಂದು ಪಾಲು ಜೀನ್ ನಿಮ್ಮಿಬ್ಬರಿಗೂ ಒಂದೇ.

ಈಗ ನಿಮ್ಮ ಮನೆಯ ಲೆಕ್ಕ. ಮಗು ಮೇಜರ್ ಅಂದ ಮೇಲೆ ದೊಡ್ಡಮ್ಮನ ಮಗಳು ಮೈನರ್. ಅವಳಿಗೆ ಅದು ದೊಡ್ಡಮ್ಮನಿಂದ ಬಂದಿರಬಹುದು, ದೊಡ್ಡಪ್ಪನಿಂದಲೂ ಬಂದಿರಬಹುದು. ಮೊದಲು ದೊಡ್ಡಮ್ಮನ ರಕ್ತ ನೋಡಿಸಿ. ಅವರಲ್ಲಿ ಇಲ್ಲದಿದ್ದರೆ ಆ ಮಗುವಿನ ಕಾಯಿಲೆಗೂ ನಿಮಗೂ ಸಂಬಂಧ ಇಲ್ಲ. ಇದ್ದರೆ ಅದು ಅಜ್ಜ ಅಥವಾ ಅಜ್ಜಿಯಿಂದ ಬಂದದ್ದು. ಆಗ ನಿಮ್ಮ ಅಮ್ಮನಿಗೆ ಅರ್ಧ ಸಾಧ್ಯತೆ, ನಿಮಗೆ ಕಾಲು. ಮಾವನಿಗೆ ಅರ್ಧ, ಅವನಿಗೆ ಕಾಲು. ದೊಡ್ಡಮ್ಮನ ಉತ್ತರ ಏನೇ ಬರಲಿ, ನೀವಿಬ್ಬರೂ ಮಾಡಿಸಿ.

ಮೊದಲು ಸಿಬಿಸಿ, ಅಂದರೆ ರಕ್ತಕಣಗಳ ಸಾಮಾನ್ಯ ಪರೀಕ್ಷೆ. ಎಂಸಿವಿ 80ಕ್ಕಿಂತ ಕೆಳಗೆ, ಎಂಸಿಎಚ್ (ಒಂದು ಕಣದಲ್ಲಿರುವ ಹಿಮೋಗ್ಲೋಬಿನ್) 27ಕ್ಕಿಂತ ಕೆಳಗೆ ಇದ್ದರೆ ಸಂಶಯ. ಜೊತೆಗೇ ಎಚ್‌ಪಿಎಲ್‌ಸಿ ಮಾಡಿಸಿ, ಅದು ಹಿಮೋಗ್ಲೋಬಿನ್‌ನ ಬಗೆಗಳನ್ನು ಬೇರೆ ಬೇರೆಯಾಗಿ ಅಳೆಯುವ ಪರೀಕ್ಷೆ, ಅದರಲ್ಲಿ ಹಿಮೋಗ್ಲೋಬಿನ್ ಎ2 ಅಂತ ಒಂದು ಸಾಲು ಬರ್ತದೆ, 3.5 ಶೇಕಡಾಕ್ಕಿಂತ ಮೇಲಿದ್ದರೆ ಸಾಮಾನ್ಯವಾಗಿ ಮೈನರ್ ಅಂತ ಅರ್ಥ. ಮೈಯಲ್ಲಿ ಕಬ್ಬಿಣ ತೀರಾ ಕಡಿಮೆ ಇದ್ದರೆ ಎ2 ಸುಳ್ಳೇ ಇಳಿದು ಕಾಣಬಹುದು, ಆಗ ಕಬ್ಬಿಣ ಸರಿ ಮಾಡಿಕೊಂಡು ಮತ್ತೊಮ್ಮೆ ನೋಡಬೇಕು. ಗಡಿಯಲ್ಲಿ ನಿಂತರೆ ಜೀನ್ ಪರೀಕ್ಷೆ. ಇಬ್ಬರಲ್ಲಿ ಒಬ್ಬರಿಗೆ ಖಚಿತವಾಗಿ ಇಲ್ಲ ಅಂತಾದರೆ ಮಗುವಿಗೆ ಮೇಜರ್ ಬರುವ ಹೆದರಿಕೆ ಹೋಯಿತು.

ಇನ್ನೊಂದು ಉಂಟು. ಈ ಪರೀಕ್ಷೆ ಥಲಸ್ಸೇಮಿಯಾ ಒಂದನ್ನೇ ಹೇಳುವುದು. ಯಾವ ಮದುವೆಯಲ್ಲೂ ಹುಟ್ಟುವ ನೂರು ಮಕ್ಕಳಲ್ಲಿ ಎರಡು ಮೂರಕ್ಕೆ ದೊಡ್ಡ ತೊಂದರೆ ಇರುತ್ತದೆ, ಮಾವನ ಮಕ್ಕಳ ಮದುವೆಯಲ್ಲಿ ಅದಕ್ಕೆ ಮತ್ತೂ ಎರಡು ಮೂರು ಸೇರುತ್ತದೆ. ಮಣಿಪಾಲ ಕೆಎಂಸಿಯಲ್ಲಿ (ಕಸ್ತೂರ್ಬಾ ಮೆಡಿಕಲ್ ಕಾಲೇಜಿನಲ್ಲಿ) ವೈದ್ಯಕೀಯ ತಳಿವಿಜ್ಞಾನದ ವಿಭಾಗವೇ ಉಂಟು. ಮೂರು ತಲೆಮಾರಿನಲ್ಲಿ ಯಾರಿಗೆ ಏನಾಗಿತ್ತು, ಚಿಕ್ಕದರಲ್ಲೇ ತೀರಿಕೊಂಡವರು ಯಾರು ಅಂತ ಬರೆದುಕೊಂಡು ಇಬ್ಬರೂ ಒಟ್ಟಿಗೆ ಹೋಗಿ.

ಸುರತ್ಕಲ್‌ನಿಂದ:
ನಮ್ಮಲ್ಲಿ ಹಿಮೋಫಿಲಿಯಾ, ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ. ಅಜ್ಜಿಯ ತಮ್ಮ, ನನ್ನ ಮಾವ, ಈಗ ನನ್ನ ತಮ್ಮ. ಇದು ಎಕ್ಸ್ ಕ್ರೋಮೋಸೋಮ್‌ನಲ್ಲಿ ಬರುವುದು. ಗಂಡಿಗೆ ಎಕ್ಸ್ ಒಂದೇ, ಅದರಲ್ಲಿ ತಪ್ಪಿದ್ದರೆ ಕಾಯಿಲೆ. ಹೆಣ್ಣಿಗೆ ಎರಡು, ಹಾಗಾಗಿ ಹೆಚ್ಚಾಗಿ ಅವಳಿಗೆ ಗೊತ್ತಾಗದೆ ದಾಟಿ ಹೋಗ್ತದೆ. ಅಜ್ಜಿಯಿಂದ ಅಮ್ಮನಿಗೆ ಬಂದದ್ದು ಬಳಿಯ ಹಾದಿಯಲ್ಲೇ. ಅದಕ್ಕೇ ನಮ್ಮ ಹಿರಿಯರು ಎಲ್ಲಾ ಕಾಯಿಲೆಯೂ ಬಳಿಯಲ್ಲೇ ಹರಿಯುವುದು ಅಂತ ನಂಬಿದ್ದರು. ಆದರೆ ಮಾವನ ಹೆಣ್ಣುಮಕ್ಕಳದ್ದು ಬೇರೆ ಬಳಿ, ಆದರೂ ಅವರೆಲ್ಲರೂ ವಾಹಕಿಯರೇ. ಮಾವನ ಗಂಡುಮಕ್ಕಳಿಗೆ ಇಲ್ಲ. ನಿಮ್ಮ ಕಾಯಿಲೆಯ ದಾರಿ ಯಾವುದು ಅಂತ ಮೊದಲು ಕೇಳಿ, ಇನ್ನೊಬ್ಬರ ಮನೆಯ ಲೆಕ್ಕ ನಿಮಗೆ ಹೊಂದುವುದಿಲ್ಲ.

ಬ್ರಹ್ಮಾವರದಿಂದ, ನಿವೃತ್ತ ಅಧ್ಯಾಪಕರು:
ಮಗಾ, ಹಿರಿಯರ ಹತ್ತಿರ "ನಿಮ್ಮ ವಂಶದಲ್ಲಿ ದೋಷ" ಅಂತ ಶುರು ಮಾಡಬೇಡ, ಬಾಗಿಲು ಅಲ್ಲೇ ಮುಚ್ಚುತ್ತದೆ. ನನ್ನ ಮಗಳ ಸಂಬಂಧ ಬಂದಾಗ ಜಾತಕ ಕೊಡುವ ದಿನವೇ ನಾನು ಅವಳ ರಕ್ತದ ರಿಪೋರ್ಟನ್ನೂ ಲಕೋಟೆಯಲ್ಲಿಟ್ಟು ಕೊಟ್ಟೆ, ಅವರದ್ದೂ ಕೇಳಿದೆ. ಮೊದಲು ನಮ್ಮದು ಕೊಟ್ಟದ್ದರಿಂದ ಯಾರಿಗೂ ಅವಮಾನ ಆಗಲಿಲ್ಲ. ಹುಡುಗಿಯ ರಕ್ತ ಮಾತ್ರ ತೆಗೆಸುವ ಮಾತು ಬಂದರೆ ಒಪ್ಪಬೇಡ. ಇಬ್ಬರೂ ಒಂದೇ ದಿನ ಹೋಗಿ. ಮತ್ತೆ, ಮೈನರ್ ಅಂತ ಬಂದರೆ ಅದು ಕಾಯಿಲೆ ಅಲ್ಲ ಅಂತ ಅಮ್ಮನಿಗೆ ಮೊದಲೇ ಹೇಳಿಡು, ಆಮೇಲೆ ಅಳುವುದು ಅವರೇ.

ಕೇಳಿದವರು, ಐದು ದಿನದ ನಂತರ:
ಎಲ್ಲರಿಗೂ ಕೈಮುಗಿಯುತ್ತೇನೆ. ಅಮ್ಮನಿಗೆ ಹೇಳುವ ಮೊದಲು ದೊಡ್ಡಮ್ಮನ ಹತ್ತಿರವೇ ಹೋದೆ. ಮೊಮ್ಮಗನಿಗೆ ಇದು ತನ್ನಿಂದ ಬಂತೋ ಅಂತ ಮೂರು ವರ್ಷದಿಂದ ಒಬ್ಬರೇ ಯೋಚಿಸ್ತಾ ಇದ್ದರಂತೆ, ಇಷ್ಟು ದಿನ ಯಾರೂ ಅವರನ್ನು ಕೇಳಿರಲಿಲ್ಲ. ಶುಕ್ರವಾರ ಮಗುವಿಗೆ ರಕ್ತ ಕೊಡಿಸುವ ದಿನ. ಅವತ್ತು ದೊಡ್ಡಮ್ಮ, ನಾನು, ಬಾವ (ಮಾವನ ಮಗ) ಮೂವರೂ ಪರೀಕ್ಷೆಗೆ ರಕ್ತ ಕೊಟ್ಟು ಬರ್ತೇವೆ. ಸಿಬಿಸಿ, ಎಚ್‌ಪಿಎಲ್‌ಸಿ ಎರಡೂ ಒಟ್ಟಿಗೆ.